ಕಿರಿದಾದ ಕಾಗದದ ದಪ್ಪಕ್ಷರ

ನಮ್ಮ ತಂದೆಯ ಟ್ರೆಡಲ್ ಪ್ರೆಸ್ಸಿನ ಕಿಟಕಿ ಪಕ್ಕದ ಕೇಸಿನಲ್ಲಿ ಮರದ ಇಂಗ್ಲಿಷ್ ಅಚ್ಚುಮೊಳೆಗಳಿದ್ದವು. ಚೋಟುದ್ದ, ಎರಡು ಬೆರಳಗಲ. ಊರಿಗೆ ಸರ್ಕಸ್ ಬಂದರೆ ಮಾತ್ರ ಹೊರಗೆ ಬರುತ್ತಿದ್ದವು. ಇಷ್ಟು ಸಪೂರ ಯಾಕೆ ಎಂದು ಕೇಳಿದ್ದಕ್ಕೆ ಅಪ್ಪ ಹೇಳಿದ್ದರು: “ಕಾಗದ ಅಗಲ ಆಗೋದಿಲ್ಲವಲ್ಲ, ಅಕ್ಷರವೇ ಎತ್ತರ ಬೆಳೀಬೇಕು.”

ಆ ಮೊಳೆಗಳ ವಂಶ ಹುಡುಕಿದರೆ ಲಂಡನ್ನಿಗೆ ಹೋಗಬೇಕು. ಅಕ್ಷರದ ತುದಿಯ ಪುಟ್ಟ ಅಡ್ಡಗೆರೆ, ಅಂದರೆ ಸೆರಿಫ್, ಇಲ್ಲದ ಅಚ್ಚಕ್ಷರವನ್ನು ನಾಲ್ಕನೆಯ ವಿಲಿಯಂ ಕ್ಯಾಸ್ಲನ್ 1816ರಲ್ಲಿ ತನ್ನ ಮಾದರಿ ಪುಸ್ತಕದಲ್ಲಿ ತೋರಿಸಿದ. ಆಗ ಗೋಡೆಗೋಡೆಯೂ ಜಾಹೀರಾತಿನ ಜಾಗವಾಗುತ್ತಿದ್ದ ಕಾಲ. ದೊಡ್ಡ ಅಕ್ಷರವನ್ನು ಸೀಸದಲ್ಲಿ ಎರಕ ಹೊಯ್ದರೆ ಎತ್ತಲಾಗದಷ್ಟು ಭಾರ. ಆರುವಾಗ ಮುಖವೂ ತಗ್ಗುತ್ತಿತ್ತು. ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ 1827ರಲ್ಲಿ ಯಂತ್ರದಿಂದ ಮರದ ಮೊಳೆ ಕೊರೆಯುವ ದಾರಿ ಕಂಡುಕೊಂಡ. 1834ರಲ್ಲಿ ವಿಲಿಯಂ ಲೆವೆನ್‌ವರ್ತ್ ಅದಕ್ಕೆ ಪ್ಯಾಂಟೋಗ್ರಾಫ್, ಅಂದರೆ ಮಾದರಿಯ ಗೆರೆಯನ್ನು ನಕಲಿಸುವ ಸಾಧನ, ಜೋಡಿಸಿದ. ಒಂದು ಮಾದರಿಯಿಂದ ಹಲವು ಅಳತೆಯ ಅಕ್ಷರ ತೆಗೆಯುವುದು ಸುಲಭವಾಯಿತು.

ಪತ್ರಿಕೆಗಳಿಗೂ ಜಾಗದ್ದೇ ಕಷ್ಟ. ಕಾಲಂ ಕಿರಿದು, ಸುದ್ದಿ ದೊಡ್ಡದು. ಮಾರಿಸ್ ಫುಲ್ಲರ್ ಬೆಂಟನ್ 1903ರಲ್ಲಿ ಅಮೆರಿಕನ್ ಟೈಪ್ ಫೌಂಡರ್ಸ್‌ಗಾಗಿ ‘ಆಲ್ಟರ್ನೇಟ್ ಗಾಥಿಕ್’ ಎಂಬ ಸಪೂರ ಅಕ್ಷರಶೈಲಿ ರಚಿಸಿದಾಗ ಮೂರು ಅಗಲಗಳಲ್ಲಿ ಕೊಟ್ಟ. ತಲೆಬರಹ ಉದ್ದವಾದರೆ ಕಂಪೋಸಿಟರ್ ಪಕ್ಕದ ಕೇಸಿಗೆ ಕೈಹಾಕಿದರೆ ಸಾಕಿತ್ತು.

1965ರಲ್ಲಿ ಜೆಫ್ರಿ ಲೀ ಬರೆದ ‘ಇಂಪ್ಯಾಕ್ಟ್’ ಅಕ್ಷರಶೈಲಿ ಶೆಫೀಲ್ಡಿನ ಸ್ಟೀಫನ್‌ಸನ್ ಬ್ಲೇಕ್ ಫೌಂಡ್ರಿಯಿಂದ ಸೀಸದ ಮೊಳೆಯಾಗಿಯೇ ಬಂತು. ಇದ್ದಷ್ಟು ಜಾಗದಲ್ಲಿ ಆದಷ್ಟು ಮಸಿ ತುಂಬುವುದು ಅದರ ಗುರಿ. ಮುಂದೆ ವಿಂಡೋಸ್ ಕಂಪ್ಯೂಟರುಗಳನ್ನು ಸೇರಿ, ಮೀಮುಗಳ ಬಿಳಿ ಅಕ್ಷರವಾಗಿ ಲೋಕವನ್ನೆಲ್ಲ ಸುತ್ತಿತು.

ಇಂಥ ಅಕ್ಷರದ ಕಸುಬು ಸೂಕ್ಷ್ಮವಾದದ್ದು. ಸಪೂರ ಅಕ್ಷರ ಬರೆಯುವವರು ಲಂಬಗೆರೆಯ ದಪ್ಪವನ್ನು ಕಾಪಾಡುತ್ತಾರೆ. ಒಳಗಿನ ಬಿಳಿ ಜಾಗವನ್ನು ಕಿರಿದು ಮಾಡುತ್ತಾರೆ. ಅಡ್ಡಗೆರೆಯನ್ನು ತುಸು ತೆಳುವಾಗಿಸುತ್ತಾರೆ. ಅಗಲದ ಅಕ್ಷರವನ್ನು ಕಂಪ್ಯೂಟರಿನಲ್ಲಿ ಹಿಂಡಿದರೆ ಆಗುವುದು ಇದಕ್ಕೆ ತಿರುಗಾಮುರುಗಾ: ಲಂಬಗೆರೆ ಸೊರಗುತ್ತದೆ, ಅಡ್ಡಗೆರೆ ದಪ್ಪವಾಗಿಯೇ ಉಳಿಯುತ್ತದೆ.

ಕನ್ನಡಕ್ಕೆ ನಾವು ದಿನವೂ ಮಾಡುತ್ತಿರುವುದು ಇದನ್ನೇ. ಫ್ಲೆಕ್ಸ್‌ಗಳಲ್ಲಿ ‘ಠ’ ಮೊಟ್ಟೆಯಾಗಿದೆ, ತಲೆಕಟ್ಟು ಮೈಗಿಂತ ಭಾರವಾಗಿದೆ, ಒತ್ತಕ್ಷರ ಕೆಳಗಿನ ಸಾಲಿಗೆ ತಗಲುತ್ತದೆ. ಡಿಟಿಪಿ ಕಲಿತ ಹೊಸತರಲ್ಲಿ ನಾನೂ ಎಷ್ಟೋ ಹೆಸರುಗಳನ್ನು ಹೀಗೆ ಹಿಂಡಿದ್ದೇನೆ. ನೆನೆದರೆ ಇಂದಿಗೂ ನೋವಾಗುತ್ತದೆ. ನಮ್ಮ ದುಂಡು ಲಿಪಿಗೆ ಸಪೂರ ರೂಪ ಒಗ್ಗದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 2022ರಲ್ಲಿ ಏಕ್ ಟೈಪ್ ಸಂಸ್ಥೆ ಹೊರತಂದ ‘ಅನೇಕ್ ಕನ್ನಡ’ ಫಾಂಟಿನಲ್ಲಿ ಕಿರಿದರಿಂದ ಅಗಲದವರೆಗೆ ಬರೆದೇ ಮಾಡಿದ ರೂಪಗಳಿವೆ, ದಪ್ಪವೂ ಇದೆ, ಉಚಿತವಾಗಿ ಸಿಗುತ್ತದೆ.

ಬ್ಯಾನರ್ ಮಾಡುವ ಗೆಳೆಯರೇ, ಕಿರಿದಾಗಿಯೇ ಬರೆದ ಅಕ್ಷರವನ್ನು ಬಳಸಿ. ಆಗಲೂ ಜಾಗ ಸಾಲದಿದ್ದರೆ ಒಂದು ಪದ ಬಿಡಿ. ಅಕ್ಷರವನ್ನು ಮಾತ್ರ ಹಿಂಡಬೇಡಿ.