ಮೂರು ಗಂಟೆಯ ಚಿತ್ರಕ್ಕೆ ಅಂಗೈಯಗಲದ ತಟ್ಟೆ

ಕನ್ನಡದ ಮೊದಲ ವಾಕ್ಚಿತ್ರ ಯಾವುದೆಂದು ಕೇಳಿದರೆ ಶಾಲೆಯ ಹುಡುಗರೂ 'ಸತಿ ಸುಲೋಚನ' ಎನ್ನುತ್ತಾರೆ. ವೈ.ವಿ. ರಾವ್ ನಿರ್ದೇಶನದ, ಸುಬ್ಬಯ್ಯ ನಾಯ್ಡು ಹಾಗೂ ಆರ್. ನಾಗೇಂದ್ರರಾಯರು ಅಭಿನಯಿಸಿದ ಆ ಚಿತ್ರ ತೆರೆ ಕಂಡದ್ದು 1934ರಲ್ಲಿ. ಆದರೆ ಅದನ್ನು ಇಂದು ನೋಡಬೇಕೆಂದರೆ ಸಾಧ್ಯವಿಲ್ಲ. ಅದರ ಒಂದು ಪ್ರತಿಯೂ ಉಳಿದಿಲ್ಲ. ಭಾರತದ ಮೊದಲ ವಾಕ್ಚಿತ್ರ, 1931ರ 'ಆಲಂ ಆರಾ'ದ ಗತಿಯೂ ಇದೇ. ಒಂದೆರಡು ಒಳ್ಳೆಯ ಪ್ರತಿಗಳು ಬೇರೆ ಬೇರೆ ಕಡೆ ಜೋಪಾನವಾಗಿ ಇದ್ದಿದ್ದರೆ ಈ ಮಾತು ಬರುತ್ತಿರಲಿಲ್ಲ.

ಚಲನಚಿತ್ರದ ಪ್ರತಿ ಮಾಡುವುದು ಬಹುಕಾಲ ಸ್ಟುಡಿಯೋ ಮತ್ತು ಲ್ಯಾಬೊರೇಟರಿಗಳ ಕೆಲಸವಾಗಿತ್ತು. ಅದು ಮನೆಯೊಳಕ್ಕೆ ಬಂದದ್ದು ವಿಡಿಯೋ ಕ್ಯಾಸೆಟ್ಟಿನಿಂದ. 1975ರಲ್ಲಿ ಸೋನಿ ಕಂಪನಿಯ ಬೀಟಾಮ್ಯಾಕ್ಸ್ ಬಂತು. ಅದರ ಮೊದಲ ಕ್ಯಾಸೆಟ್ಟುಗಳಲ್ಲಿ ಹಿಡಿಯುತ್ತಿದ್ದುದು ಒಂದು ಗಂಟೆ ಮಾತ್ರ. ಮರುವರ್ಷ ಬಂದ ವಿ.ಎಚ್.ಎಸ್. ಎರಡು ಗಂಟೆ ಹಿಡಿಯಿತು. ಪೈಪೋಟಿಯಲ್ಲಿ ವಿ.ಎಚ್.ಎಸ್. ಗೆದ್ದದ್ದಕ್ಕೆ ಈ ಹೆಚ್ಚಿನ ಅವಧಿಯೂ ಒಂದು ಕಾರಣ. ಇಡೀ ಚಿತ್ರ ಒಂದೇ ಕ್ಯಾಸೆಟ್ಟಿನಲ್ಲಿ ಹಿಡಿಯಬೇಕೆಂಬುದೇ ಜನರ ಬಯಕೆಯಾಗಿತ್ತು.

ಕ್ಯಾಸೆಟ್ಟಿನ ದೋಷವೆಂದರೆ, ಪ್ರತಿಯಿಂದ ಪ್ರತಿ ಮಾಡಿದಂತೆಲ್ಲ ಚಿತ್ರ ಮಸುಕಾಗುತ್ತಿತ್ತು. 1978ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಲೇಸರ್ ಡಿಸ್ಕಿನಲ್ಲಿ ಚಿತ್ರ ಸ್ವಚ್ಛವಾಗಿತ್ತು. ಆದರೆ ಒಂದು ಬದಿಗೆ ಹೆಚ್ಚೆಂದರೆ ಒಂದು ಗಂಟೆ. ಚಿತ್ರದ ನಡುವೆ ಎದ್ದು ತಟ್ಟೆ ಮಗುಚಬೇಕಿತ್ತು. 1993ರ ವಿಡಿಯೋ ಸಿ.ಡಿ. ಏಷ್ಯಾದಲ್ಲಿ ಮನೆಮಾತಾಯಿತು. ಅದರ ಅಳತೆ 74 ನಿಮಿಷ. 2001ರ 'ಲಗಾನ್' 224 ನಿಮಿಷಗಳ ಚಿತ್ರ. ಈ ಲೆಕ್ಕದಲ್ಲಿ ಅದು ಮೂರು ಸಿ.ಡಿ.ಗೂ ಎರಡು ನಿಮಿಷ ಮಿಕ್ಕುತ್ತದೆ!

ಸಂಬಳದ ಲೆಕ್ಕಾಚಾರ

1996ರಲ್ಲಿ ಜಪಾನಿನಲ್ಲಿ ಡಿ.ವಿ.ಡಿ. ಬಂತು. ಒಂದು ಪದರದ ಡಿ.ವಿ.ಡಿ.ಯಲ್ಲಿ 470 ಕೋಟಿ ಬೈಟ್, ಎರಡು ಪದರದ್ದರಲ್ಲಿ ಸುಮಾರು 850 ಕೋಟಿ ಬೈಟ್ ಮಾಹಿತಿ ಹಿಡಿಯುತ್ತದೆ. ತೊಡಕು ಶುರುವಾದದ್ದು ಇಲ್ಲಿಯೇ. ಅಂಗಡಿಯ ಚಿತ್ರಗಳು ಬಹುಮಟ್ಟಿಗೆ ಎರಡು ಪದರದವು. ಮನೆಯ ಕಂಪ್ಯೂಟರಿನಲ್ಲಿ ಬರೆಯಲು ಸಿಗುತ್ತಿದ್ದ ಖಾಲಿ ಡಿಸ್ಕು ಒಂದೇ ಪದರದ್ದು. ಬರೆಯಬಲ್ಲ ಎರಡು ಪದರದ ಡಿಸ್ಕು ಬಂದದ್ದು 2004ರಲ್ಲಿ. ಅಲ್ಲಿಯವರೆಗೆ ಎರಡು ಪಾತ್ರೆಯ ಹಾಲನ್ನು ಒಂದು ಪಾತ್ರೆಗೆ ತುಂಬುವ ಪಾಡು.

ಲೆಕ್ಕ ಹೀಗಿದೆ. 470 ಕೋಟಿ ಬೈಟ್ ಎಂದರೆ 3,760 ಕೋಟಿ ಬಿಟ್, ಅಂದರೆ ಅಷ್ಟು ಸೊನ್ನೆ-ಒಂದುಗಳು. ಎರಡು ಗಂಟೆಯ ಚಿತ್ರಕ್ಕೆ ಹಂಚಿದರೆ ಪ್ರತಿ ಸೆಕೆಂಡಿಗೆ ಸುಮಾರು 52 ಲಕ್ಷ ಬಿಟ್ ದಕ್ಕುತ್ತದೆ. 'ಲಗಾನ್'ನಷ್ಟು ಉದ್ದದ ಚಿತ್ರಕ್ಕೆ ದಕ್ಕುವುದು 28 ಲಕ್ಷ ಮಾತ್ರ, ಅದರಲ್ಲೇ ಧ್ವನಿಗೂ ಪಾಲು ಕೊಡಬೇಕು. ಡಿ.ವಿ.ಡಿ.ಯಲ್ಲಿ ಚಿತ್ರಕ್ಕೆ ಸೆಕೆಂಡಿಗೆ 98 ಲಕ್ಷದವರೆಗೆ ಕೊಡಲು ಅವಕಾಶವಿದೆ ಎಂಬುದನ್ನು ನೆನೆದರೆ ಈ ಬಡತನ ಅರ್ಥವಾದೀತು. ಬಿಟ್ ಕಡಿಮೆಯಾದಲ್ಲಿ ಪರದೆಯ ಮೇಲೆ ಚೌಕಚೌಕ ಕಲೆಗಳು ಏಳುತ್ತವೆ.

ಇದಕ್ಕೆ ಕಂಡುಕೊಂಡ ಉಪಾಯ, ಚಿತ್ರವನ್ನು ಎರಡು ಬಾರಿ ಓದುವುದು. ಮೊದಲ ಸಲ ಕಂಪ್ಯೂಟರು ಇಡೀ ಚಿತ್ರವನ್ನು ಪರೀಕ್ಷಿಸಿ, ಎಲ್ಲಿ ಓಟ-ಹೊಡೆದಾಟವಿದೆ, ಎಲ್ಲಿ ಇಬ್ಬರು ಕುಳಿತು ಮಾತಾಡುತ್ತಾರೆ ಎಂದು ಗುರುತು ಹಾಕಿಕೊಳ್ಳುತ್ತದೆ. ಎರಡನೆಯ ಸಲ ಅದಕ್ಕೆ ತಕ್ಕಂತೆ ಬಿಟ್ ಹಂಚುತ್ತದೆ. ತಿಂಗಳ ಮೊದಲಲ್ಲೇ ಹಬ್ಬದ ಖರ್ಚು ತಿಳಿದ ಗೃಹಿಣಿ ಉಳಿದ ದಿನ ಕೈ ಬಿಗಿಹಿಡಿಯುವುದಿಲ್ಲವೇ? ಇದೂ ಹಾಗೆಯೇ. ಬೇಡದ ಭಾಷೆಯ ಧ್ವನಿ, ಸಂದರ್ಶನ, ಜಾಹೀರಾತುಗಳನ್ನು ಕಳಚಿದರೆ ಇನ್ನಷ್ಟು ಜಾಗ. ಅಷ್ಟಾದರೂ ಸಾಲದಿದ್ದರೆ ಮಧ್ಯಂತರದಲ್ಲಿ ಕತ್ತರಿಸಿ ಎರಡು ಡಿಸ್ಕಿಗೆ ಹಾಕುವುದೇ ಲೇಸು. ಗುಣಮಟ್ಟ ಉಳಿಯಬೇಕಿದ್ದರೆ ಇದಕ್ಕಿಂತ ಸುಲಭದ ದಾರಿಯಿಲ್ಲ.

ಬೀಗ ಮತ್ತು ಕಾನೂನು

ಸ್ವಂತ ಹಣದಿಂದ ಕೊಂಡ ಚಿತ್ರದ ಪ್ರತಿ ಮಾಡಿಟ್ಟುಕೊಳ್ಳಬಹುದೇ? ಬೀಟಾಮ್ಯಾಕ್ಸ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 1984ರಲ್ಲಿ 5-4ರ ಬಹುಮತದಿಂದ, ಟಿ.ವಿ. ಕಾರ್ಯಕ್ರಮವನ್ನು ಆಮೇಲೆ ನೋಡಲೆಂದು ಮನೆಯಲ್ಲಿ ಮುದ್ರಿಸಿಕೊಳ್ಳುವುದು ತಪ್ಪಲ್ಲವೆಂದಿತು. ಡಿ.ವಿ.ಡಿ.ಗೆ ಬಂದಾಗ ಕಂಪನಿಗಳು ಗೂಢಲಿಪಿಯ ಬೀಗ ಜಡಿದವು. 1998ರಲ್ಲಿ ಅಮೆರಿಕ ಆ ಬೀಗ ಮುರಿಯುವುದನ್ನೇ ಅಪರಾಧವೆಂದಿತು. ಮರುವರ್ಷವೇ ಬೀಗ ತೆರೆಯುವ ತಂತ್ರಾಂಶ ಹೊರಬಂತು. ಅದಕ್ಕೆ ಸಂಬಂಧಿಸಿ ವಿಚಾರಣೆ ಎದುರಿಸಿದ ನಾರ್ವೆಯ ತರುಣ ಯಾನ್ ಲೆಕ್ ಯೋಹಾನ್ಸನ್‌ನನ್ನು ಅಲ್ಲಿನ ನ್ಯಾಯಾಲಯಗಳು 2003ರಲ್ಲಿ ಎರಡು ಬಾರಿ ನಿರ್ದೋಷಿ ಎಂದವು. ಆದರೆ 2004ರಲ್ಲಿ ಅಮೆರಿಕದ ನ್ಯಾಯಾಲಯವೊಂದು ಡಿ.ವಿ.ಡಿ. ಪ್ರತಿ ಮಾಡುವ ತಂತ್ರಾಂಶ ಮಾರುತ್ತಿದ್ದ '321 ಸ್ಟುಡಿಯೋಸ್' ವಿರುದ್ಧ ತೀರ್ಪಿತ್ತಿತು. ಅದೇ ವರ್ಷ ಆ ಕಂಪನಿ ಬಾಗಿಲು ಹಾಕಿತು.

ಭಾರತದ ಹಕ್ಕುಸ್ವಾಮ್ಯ ಕಾಯಿದೆಗೆ 2012ರಲ್ಲಿ ಆದ ತಿದ್ದುಪಡಿಯಂತೆ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಮುರಿದರೆ ಎರಡು ವರ್ಷಗಳವರೆಗೆ ಸೆರೆವಾಸವಾಗಬಹುದು. ನಿರ್ಮಾಪಕರ ಭಯಕ್ಕೂ ಕಾರಣವಿದೆ. ಚಿತ್ರ ಬಿಡುಗಡೆಯಾದ ವಾರದೊಳಗೆ ಕಳ್ಳ ಸಿ.ಡಿ. ಬೀದಿಗೆ ಬಂದರೆ ಹಾಕಿದ ಬಂಡವಾಳ ಮುಳುಗಿದಂತೆಯೇ.

ತಟ್ಟೆಯೂ ಶಾಶ್ವತವಲ್ಲ

ಮನೆಯಲ್ಲಿ ಬರೆದ ಡಿಸ್ಕಿನ ಒಳಗೆ ಬಣ್ಣದ ತೆಳುಪದರವೊಂದಿರುತ್ತದೆ. ಲೇಸರ್ ಸುಟ್ಟ ಗುರುತುಗಳೇ ಅದರ ಅಕ್ಷರ. ಬಿಸಿಲು, ಸೆಕೆ, ತೇವ ತಾಗಿದರೆ ಆ ಬಣ್ಣ ಕೆಡುತ್ತದೆ. ಒಂದು ದಿನ ಚಿತ್ರ ಅರ್ಧಕ್ಕೆ ನಿಲ್ಲುತ್ತದೆ. ಆದ್ದರಿಂದ ಬರೆದ ಮೇಲೆ ಮೂಲದೊಡನೆ ತಾಳೆ ನೋಡಬೇಕು, ತಂಪಾದ ಕತ್ತಲೆಯಲ್ಲಿಡಬೇಕು, ಕೆಲವು ವರ್ಷಗಳಿಗೊಮ್ಮೆ ಹೊಸದಕ್ಕೆ ಸಾಗಿಸಬೇಕು. ನಮ್ಮ ಹಿರಿಯರು ಜೀರ್ಣವಾದ ತಾಳೆಗರಿಯ ಗ್ರಂಥಗಳನ್ನು ಹೊಸ ಗರಿಗೆ ಇಳಿಸಿಕೊಳ್ಳುತ್ತಿದ್ದುದೂ ಇದೇ ಕಾರಣಕ್ಕೆ.

2006ರಲ್ಲಿ ಬಂದ ಬ್ಲೂ-ರೇ ಡಿಸ್ಕಿನ ಒಂದೊಂದು ಪದರದಲ್ಲಿ 2,500 ಕೋಟಿ ಬೈಟ್ ಹಿಡಿದು, ಉದ್ದದ ಚಿಂತೆ ಬಹುಪಾಲು ತೀರಿತು. ಈಗ ಜನ ಡಿಸ್ಕನ್ನೇ ಕೊಳ್ಳುವುದು ಕಡಿಮೆ. ಚಿತ್ರಗಳು ಅಂತರ್ಜಾಲದ ಮೂಲಕ ಬರುತ್ತವೆ, ಒಪ್ಪಂದ ಮುಗಿದೊಡನೆ ಹೇಳದೆ ಹೋಗುತ್ತವೆ. ನೋಡುವವನ ಕೈಯಲ್ಲಿ ಏನೂ ಉಳಿಯುವುದಿಲ್ಲ. 'ಸತಿ ಸುಲೋಚನ'ವನ್ನು ಕಂಡವರ ಕೈಯಲ್ಲೂ ಏನೂ ಉಳಿದಿರಲಿಲ್ಲ.