ಸಳನೆಂಬ ದೊರೆ: ಕಥೆಯಿಂದ ಶಾಸನದೆಡೆಗೆ

ಮೂಡಿಗೆರೆ ತಾಲ್ಲೂಕಿನ ಕಾಫಿ ತೋಟಗಳ ನಡುವಿರುವ ಅಂಗಡಿ ಎಂಬ ಊರನ್ನು ಶಾಸನಗಳು ಸೊಸೆವೂರು, ಶಶಕಪುರ ಎಂದು ಕರೆಯುತ್ತವೆ. ಅಲ್ಲಿನ ವಾಸಂತಿಕಾ ದೇವಿಯ ಗುಡಿಯ ಬಳಿ ಹುಲಿ ಮೇಲೆರಗಿದಾಗ ಜೈನಮುನಿ ‘ಪೊಯ್ ಸಳ’ ಎಂದನಂತೆ. ಶಿಷ್ಯ ಸಳ ಅದನ್ನು ಹೊಡೆದು ಕೊಂದನಂತೆ. ಆ ಮಾತೇ ಹೊಯ್ಸಳ ವಂಶದ ಹೆಸರಾಯಿತಂತೆ. ಈ ಸಳ ನಿಜವಾಗಿ ಬಾಳಿದ ದೊರೆಯೇ? ಆಧಾರಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿದರೆ ಸಿಗುವ ಉತ್ತರ ಇಷ್ಟು: ಸಳ ಒಬ್ಬ ವ್ಯಕ್ತಿಯೆಂದು ಸಾಧಿಸಲಾಗದು, ಆದರೆ ಅವನ ಕಥೆ ನಿಂತ ನೆಲ ಗಟ್ಟಿಯಾದದ್ದು.

ಈ ಅಧ್ಯಯನಕ್ಕೆ ತಳಹದಿ ಹಾಕಿದವರು ಶಾಸನತಜ್ಞ ಬಿ.ಎಲ್. ರೈಸ್. ಅಂಗಡಿ ಇರುವ ಜಿಲ್ಲೆಯ ಶಾಸನಗಳು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 6ನೇ ಸಂಪುಟವಾಗಿ 1901ರಲ್ಲಿ ಹೊರಬಂದವು. ಆ ತಲೆಮಾರು ಶಾಸನದ ವಂಶಾವಳಿಯನ್ನು ಹೆಚ್ಚು ಕಡಿಮೆ ಇದ್ದಂತೆಯೇ ಒಪ್ಪಿ ಸಳನನ್ನು ಮೂಲಪುರುಷನ ಜಾಗದಲ್ಲಿ ಕೂರಿಸಿತು. ವಿಲಿಯಂ ಕೊಯೆಲೊ 1950ರಲ್ಲಿ, ಜೆ.ಡಿ.ಎಂ. ಡೆರೆಟ್ 1957ರಲ್ಲಿ ಬರೆದ ಗ್ರಂಥಗಳ ಹೊತ್ತಿಗೆ ಗಮನ ಮಲೆನಾಡಿನ ನಾಯಕರತ್ತ ಹೊರಳಿತ್ತು. ಅರಕೆಲ್ಲ, ಮಾರುಗ, ನೃಪಕಾಮ ಎಂಬ ಹೆಸರುಗಳು 10ನೇ ಶತಮಾನದಲ್ಲೇ ಕಾಣುತ್ತವೆ. ಚೋಳರ ಅಧಿಕಾರಿ ಅಪ್ರಮೇಯನ ವಿಜಯವನ್ನು ಸಾರುವ ಕಲಿಯೂರಿನ ಶಾಸನ ಸುಮಾರು 1006ರದು. ಹೊಯ್ಸಳರ ಹೆಸರು ಅದರಲ್ಲಾಗಲೇ ಇದೆ. ಹುಲಿಯ ಕಥೆಯಾದರೋ ಎದ್ದು ಕಾಣುವುದು ಹೊಯ್ಸಳ ದೊರೆ ವಿಷ್ಣುವರ್ಧನನ ಕಾಲದಲ್ಲಿ, 1117ರ ಬೇಲೂರಿನ ಶಾಸನದಲ್ಲಿ. ಹೆಸರಿಗೂ ಅದನ್ನು ವಿವರಿಸುವ ಕಥೆಗೂ ನಡುವೆ ಒಂದು ಶತಮಾನಕ್ಕೂ ಮಿಗಿಲಾದ ಅಂತರವಿದೆ. ಅನೇಕ ವಂಶಾವಳಿಗಳು ನೃಪಕಾಮನನ್ನು ಬಿಟ್ಟು ಸಳನಿಂದ ನೇರವಾಗಿ ವಿನಯಾದಿತ್ಯನಿಗೆ ಬರುತ್ತವೆ. ಆಳಿದ್ದು ಗೊತ್ತಿರುವ ದೊರೆಯನ್ನು ಕೈಬಿಟ್ಟು ಹುಲಿ ಕೊಂದ ವೀರನನ್ನು ಉಳಿಸಿಕೊಂಡ ಪಟ್ಟಿ ಇತಿಹಾಸಕ್ಕಿಂತ ಕೀರ್ತಿಗೆ ಬರೆದದ್ದು.

ಬರೆಹಕ್ಕೆ ಬರುವ ಮುನ್ನ ಕಥೆ ಜನರ ಬಾಯಲ್ಲಿ ಇದ್ದಿರಬಾರದೇಕೆ ಎಂದು ಕೇಳಬಹುದು. ಇದ್ದಿರಬಹುದು, ಆದರೆ ಬಾಯಿಮಾತು ಉಳಿದಿತ್ತೆಂದ ಮಾತ್ರಕ್ಕೆ ಸಳನ ಆಳ್ವಿಕೆ ಸಿದ್ಧವಾಗುವುದಿಲ್ಲ. ಇನ್ನು ಕೆಲವರು ಈ ಕಥೆ ವಿಷ್ಣುವರ್ಧನ ತಲಕಾಡಿನಲ್ಲಿ ಚೋಳರನ್ನು ಗೆದ್ದುದರ ರೂಪಕ, ಸತ್ತ ಹುಲಿ ಚೋಳರ ಲಾಂಛನ ಎನ್ನುತ್ತಾರೆ. ಕಾಲ ಹೊಂದುತ್ತದೆ, ಶಿಲ್ಪ ಹೊಂದುವುದಿಲ್ಲ: ಬೇಲೂರಿನಲ್ಲಿ ಬಾಗಿಲ ಮಗ್ಗುಲಿನ ವೀರ ಆಯುಧ ಚುಚ್ಚುತ್ತಿರುವುದು ಕೇಸರವುಳ್ಳ ಸಿಂಹಕ್ಕೆ. ಹೊಯ್ಸಳರು ತಮ್ಮನ್ನು ಯಾದವರೆಂದು, ದ್ವಾರಾವತೀಪುರದ ಒಡೆಯರೆಂದು ಕರೆದುಕೊಂಡದ್ದನ್ನು ಹಿಡಿದು ಉತ್ತರದ ಮೂಲ ಹೇಳುವವರೂ ಉಂಟು. ಆದರೆ ದೊಡ್ಡದಾದ ರಾಜಮನೆತನ ಪುರಾಣದ ಕುಲವನ್ನು ಹಚ್ಚಿಕೊಳ್ಳುವುದು ಆ ಕಾಲದ ರೂಢಿ. ಅವರೇ ಬಿಡದೆ ಹೊತ್ತ ‘ಮಲೆಪರೊಳ್ ಗಂಡ’ ಎಂಬ ಬಿರುದು ಮಲೆಯ ನಾಯಕರಲ್ಲಿ ಶೂರ ಎಂದು ಸಾರುತ್ತದೆ. ಅದು ದ್ವಾರಕೆಯಲ್ಲಿ ಅಲ್ಲ, ಈ ಘಟ್ಟದಲ್ಲಿ ಹುಟ್ಟುವ ಹೆಮ್ಮೆ.

ಹಾಗಾಗಿ ಸಳನನ್ನು ವಂಶಾವಳಿಯ ಮೊದಲ ಸಾಲಿನಿಂದ ಇಳಿಸಿದರೆ ಅಂಗಡಿಗೆ ಏನೂ ನಷ್ಟವಿಲ್ಲ. ಜೈನ ಗುರುಗಳ ಆಶ್ರಯ, ಊರದೇವಿಯ ಆರಾಧನೆ, ಕಾಡಿನ ನಡುವೆ ಬೆಳೆದ ಸಣ್ಣ ಒಡೆತನ ಇವೆಲ್ಲವೂ ಕಥೆಯಲ್ಲಿವೆ. ಅಲ್ಲಿನ ಬಸದಿ, ಗುಡಿ, ಶಾಸನಗಳೂ ಅದನ್ನೇ ಹೇಳುತ್ತವೆ. ಪಠ್ಯಪುಸ್ತಕಗಳು ಹುಲಿಯ ಕಥೆಯನ್ನು ಕಥೆಯೆಂದೇ ಹೇಳಲಿ; ಜೊತೆಗೆ ಅರಕೆಲ್ಲ, ನೃಪಕಾಮರ ಹೆಸರನ್ನೂ ಮಕ್ಕಳಿಗೆ ಕಲಿಸಲಿ.