ವಾಡಿಯ ಚರ್ಚು, ಮಾಗಡಿ ರೋಡಿನ ವ್ಯಾನು

ನಮ್ಮೂರು ರಾವೂರ. ವಾಡಿ ಜಂಕ್ಷನ್ ಗೊತ್ತಿದ್ದರೆ ಸಾಕು, ಅಲ್ಲಿಂದ ಚಿತ್ತಾಪುರದ ದಾರಿ ಹಿಡಿದರೆ ಸಿಗುತ್ತೆ. ಕಲ್ಲು, ಸಿಮೆಂಟಿನ ಧೂಳು, ಬಿಸಿಲು.

2000ದ ಜೂನ್ 8ರಂದು ವಾಡಿಯ ಚರ್ಚಿನಲ್ಲಿ ಬಾಂಬ್ ಸಿಡಿಯಿತು. ನಾನಾಗ ಆರನೇ ಕ್ಲಾಸು. "ಚರ್ಚಿಗ್ಯಾಕ ಬಾಂಬ್ ಇಡ್ತಾರ?" ಅಂತ ಕೇಳಿದ್ದಕ್ಕೆ ಅವ್ವ, "ಹುಚ್ಚರಿರಬೇಕು, ನೀ ಉಣ್ಣು" ಅಂದಿದ್ದಳು. ಆ ಬೇಸಿಗೆ-ಮಳೆಗಾಲದಲ್ಲಿ ಆಂಧ್ರ, ಗೋವಾ, ಹುಬ್ಬಳ್ಳಿಯ ಚರ್ಚುಗಳಲ್ಲೂ ಸ್ಫೋಟಗಳಾದವು. ಜುಲೈ 9ರಂದು ಬೆಂಗಳೂರಿನ ಜೆ.ಜೆ. ನಗರದ ಚರ್ಚಿನ ಸರದಿ. ಅದೇ ರಾತ್ರಿ ಮಾಗಡಿ ರೋಡಿನಲ್ಲಿ ಒಂದು ಮಾರುತಿ ವ್ಯಾನು ತಾನೇ ಸಿಡಿದು ಒಳಗಿದ್ದ ಇಬ್ಬರು ಸತ್ತರು. ಗುಟ್ಟು ಬಯಲಾಗಿದ್ದು ಹಾಗೆ. ಅವರು ದೀನ್‌ದಾರ್ ಅಂಜುಮನ್ ಎಂಬ ಪಂಥದವರು.

ಇದರ ಸ್ಥಾಪಕ ಸಿದ್ದೀಕ್ ಹುಸೇನ್ (1886–1952). 1924ರಲ್ಲಿ ಪಂಥ ಕಟ್ಟಿ, ತಾನು ಚನ್ನಬಸವೇಶ್ವರನ ಅವತಾರ ಅಂದವರು. ಹೌದು, ಬಸವಣ್ಣನವರ ಸೋದರಳಿಯ, ಉಳವಿಯ ಚನ್ನಬಸವಣ್ಣ. ಬೆಂಗಳೂರಿನ ಗೆಳೆಯರಿಗೆ ಇದನ್ನು ಹೇಳಿದರೆ ನಗ್ತಾರೆ. ನನಗೆ ನಗು ಬರಲ್ಲ. ಬಂದೇನವಾಜ್ ದರ್ಗಾಕ್ಕೂ ಶರಣಬಸವೇಶ್ವರ ಗುಡಿಗೂ ಒಂದೇ ಬುಟ್ಟಿಯಲ್ಲಿ ಕಾಯಿ-ಸಕ್ಕರಿ ಒಯ್ಯೋ ಸೀಮೆ ನಮ್ಮದು. ಇಲ್ಲಿ ಆ ಮಾತು ಕಿವಿಗೆ ಹೊಸದಲ್ಲ. ಲಿಂಗಾಯತರು ಒಪ್ಪಲಿಲ್ಲ, ಮುಸ್ಲಿಂ ಉಲೇಮಾಗಳೂ ಒಪ್ಪಲಿಲ್ಲ. ಎರಡೂ ಕಡೆಯವರು ಬೇಡ ಅಂದಾಗ ಒಳಗಿದ್ದವರು ಇನ್ನಷ್ಟು ಒತ್ತಿ ಕೂತಿರಬೇಕು. ಇದು ನನ್ನ ಊಹೆ.

ಗುರು ತೀರಿಹೋಗಿ 48 ವರ್ಷ. ಆದರೂ ಅವರ ಹೆಸರಲ್ಲಿ ಬಾಂಬು ಹೊತ್ತವರಿದ್ದರು. ಪಾಕಿಸ್ತಾನದ ಮರ್ದಾನ್‌ನಲ್ಲಿ ನೆಲೆಸಿದ್ದ ಗುರುವಿನ ಮಗ ಜಿಯಾ-ಉಲ್-ಹಸನ್ ಸಂಚಿನ ಮೂಲ ಅಂದರು ಪೊಲೀಸರು. ಸಂಘಟನೆ ತನಗೆ ಸಂಬಂಧವಿಲ್ಲ ಅಂದಿತು. 2001ರಲ್ಲಿ ಕೇಂದ್ರ ಅದನ್ನು ನಿಷೇಧಿಸಿತು. 2008ರಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ 23 ಮಂದಿಯನ್ನು ತಪ್ಪಿತಸ್ಥರು ಅಂದಿತು.

ಅವ್ವ ಹೇಳಿದಂಗೆ ಹುಚ್ಚರಾ? 1995ರಲ್ಲಿ ಟೋಕಿಯೋ ಮೆಟ್ರೋದಲ್ಲಿ ಸರಿನ್ ವಿಷಾನಿಲ ಬಿಟ್ಟ ಓಮ್ ಶಿನ್ರಿಕ್ಯೋದವರಲ್ಲಿ ಒಬ್ಬ ಹೃದಯದ ಡಾಕ್ಟರು, ಉಳಿದವರಲ್ಲಿ ವಿಜ್ಞಾನ ಓದಿದವರು. ನಮ್ಮ ನಿಮ್ಮಂಥವರೇ. ಇಂಥ ಗುಂಪುಗಳನ್ನು ಅಧ್ಯಯನ ಮಾಡಿದ ಮನೋವೈದ್ಯ ರಾಬರ್ಟ್ ಲಿಫ್ಟನ್ 1961ರ ಪುಸ್ತಕದಲ್ಲೇ ಬರೆದಿದ್ದಾರೆ: ಮೊದಲು ಹೊರಗಿನ ಸುದ್ದಿ-ಸಂಪರ್ಕ ಕಮ್ಮಿ ಮಾಡ್ತಾರೆ, ಆಮೇಲೆ ಗುಂಪಿಗೇ ಒಂದು ಭಾಷೆ ಹುಟ್ಟುತ್ತೆ, ಮನಸ್ಸಿನ ಗುಟ್ಟೆಲ್ಲ ಎಲ್ಲರೆದುರು ಒಪ್ಪಿಸಬೇಕಾಗುತ್ತೆ. ಅವರು ಬಿಟ್ಟದ್ದನ್ನು ನಾನು ಸೇರಿಸಬಲ್ಲೆ. ಯಾಕಂದರೆ ನಾನೂ ಒಂದರಲ್ಲಿದ್ದೆ.

ಬಾಂಬು-ಗೀಂಬು ಇಲ್ಲ, ವೀಕೆಂಡ್ ಧ್ಯಾನದ ಗುಂಪು ಅಷ್ಟೆ, ಹೆಸರು ಬೇಡ. ಬೆಂಗಳೂರಿಗೆ ಬಂದ ಎರಡನೇ ವರ್ಷ ಡೆಂಗಿ ಬಂತು. ಪಿಜಿಗೆ ಗಂಜಿ ತಂದುಕೊಟ್ಟವರು ಅವರು. ಆಫೀಸಿನಿಂದ ಯಾರೂ ಬಂದಿರಲಿಲ್ಲ. ಆಮೇಲೆ ಅವರು ಏನು ಹೇಳಿದರೂ ಗಂಜಿಯ ಬಿಸಿ ನೆನಪಾಗೋದು. ಸಂಬಳದಲ್ಲಿ ಪಾಲು ಕೇಳಿದರು, ಕೊಟ್ಟೆ. ಹಳೇ ಗೆಳೆಯರು 'ಕೆಳಗಿನ ಶಕ್ತಿ' ಅಂದರು, ಬಿಟ್ಟೆ. ಊರ ಜಾತ್ರೆ ಬಂತು. "ಈ ಸಲ ಹೋಗಬೇಡ, ಬಂಧನ ಕಡಿಯೋಕೆ ಒಳ್ಳೇ ಅವಕಾಶ" ಅಂದರು.

"ಜಾತ್ರಿಗಿ ಬರ್ತಿ ಇಲ್ಲೋ?" ಅಂತ ಅವ್ವನ ಫೋನು.

"ಆಫೀಸಿನ ಕೆಲಸ ಅದ, ಅವ್ವಾ."

ಆ ಭಾನುವಾರ ಗುಂಪಿನವರು ನನಗೆ ಚಪ್ಪಾಳೆ ಹೊಡೆದರು. ನಾಚಿಕೆ ಆಗಬೇಕಿತ್ತು. ಖುಷಿಯಾಯ್ತು, ಕಣ್ಣಲ್ಲಿ ನೀರು ಬಂತು. ವಾಡಿಯ ಬಾಂಬು ನೆನಪಾಗಿದ್ದು ಎಷ್ಟೋ ದಿನದ ಮೇಲೆ, ಮೆಟ್ರೋದಲ್ಲಿ ಮಾಗಡಿ ರೋಡ್ ಸ್ಟೇಷನ್ ಹೆಸರು ಕೂಗಿದಾಗ.

ಮುಂದಿನ ವರ್ಷ ಜಾತ್ರೆಗೆ ಹೋದೆ, ಗುಂಪು ಬಿಟ್ಟೆ. ಗಂಜಿ ತಂದವರಲ್ಲಿ ಒಬ್ಬರೂ ಆಮೇಲೆ ಫೋನ್ ಮಾಡಲಿಲ್ಲ. ಒಂದೆರಡು ತಿಂಗಳು ನಾನು ಕಾದೆ.